ಬಿರುಕು ಬಿಟ್ಟ ಕೊಠಡಿ, ಖಾಲಿ ಹುದ್ದೆ, 25,000 ರೂಪಾಯಿ ಅನುದಾನ: ಎಸ್‌ಡಿಎಂಸಿ ಮೊದಲು ಯಾವುದನ್ನು ಹಿಡಿಯಬೇಕು?

ಎಸ್‌ಡಿಎಂಸಿ ಸದಸ್ಯೆ, ಹಾಸನ ಜಿಲ್ಲೆಯ ಮಲೆನಾಡು ಭಾಗ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಮಕ್ಕಳಿಬ್ಬರೂ ಓದುತ್ತಿದ್ದಾರೆ. ಮಗಳು ಆರನೆಯ ತರಗತಿ, ಮಗ ಮೂರನೆಯ ತರಗತಿ. ಕಳೆದ ಸಲ ಪೋಷಕರ ಸಭೆ ನನ್ನನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಎಂದರೆ ಎಸ್‌ಡಿಎಂಸಿಗೆ, ಆರಿಸಿತು. ಶಾಲೆಯ ಹೆಸರನ್ನಾಗಲೀ ಕಚೇರಿಗಳ ಹೆಸರನ್ನಾಗಲೀ ಇಲ್ಲಿ ಬರೆಯುವುದಿಲ್ಲ. ಸಕಲೇಶಪುರ, ಆಲೂರಿನಿಂದ ಹಿಡಿದು ಮೂಡಿಗೆರೆ, ಕೊಪ್ಪ, ಶೃಂಗೇರಿಯವರೆಗೆ ಮಳೆಗೆ ಮೈಯೊಡ್ಡಿ ನಿಂತ ಎಷ್ಟೋ ಶಾಲೆಗಳ ಪಾಡು ನಮ್ಮದಕ್ಕಿಂತ ಬೇರೆಯಾಗಿರಲಾರದು ಎಂದುಕೊಂಡು, ತಿಳಿದವರ ಸಲಹೆ ಬೇಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಶಾಲೆಯ ಹಳೆಯ ಕಟ್ಟಡದಲ್ಲಿ ಮೂರು ಕೊಠಡಿಗಳಿವೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಮರದ ತೊಲೆ. ಪಕ್ಕದಲ್ಲಿ ಆಮೇಲೆ ಕಟ್ಟಿಸಿದ ಆರ್‌ಸಿಸಿ ಕೊಠಡಿಗಳು ಎರಡು. ಆರಿದ್ರಾ ಮಳೆ ಹಿಡಿದುಕೊಂಡಿದ್ದ ಒಂದು ಸಂಜೆ ಮಗ ಮನೆಗೆ ಬಂದವನು, ಮೇಷ್ಟ್ರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಾರೆ, ಅದನ್ನು ದಾಟಿ ಗೋಡೆಯ ಕಡೆಗೆ ಹೋಗಬಾರದಂತೆ, ಎಂದು ಹೇಳಿದ. ಅವನಿಗೆ ಅದೊಂದು ಆಟದ ಹಾಗೆ ಕಂಡಿತ್ತು. ಮರುದಿನ ಹೋಗಿ ನೋಡಿದೆ. ಪಡುವಣ ಗೋಡೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಸೂರಿನವರೆಗೆ ಬಿರುಕು ಹತ್ತಿದೆ. ನನ್ನ ಕಿರುಬೆರಳಿನ ತುದಿ ಅದರೊಳಗೆ ಸಲೀಸಾಗಿ ಹೋಯಿತು. ಬೆಂಚಿನ ಮೇಲೆ ನಿಂತು, ತೊಲೆ ಗೋಡೆಗೆ ಕೂರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಗೆದ್ದಲು ತಿಂದ ಮರ ರವೆಯಂತೆ ಉದುರಿತು. ಹೊರಗೆ ಬಣ್ಣ ಬಳಿದು ರೈಲಿನ ಚಿತ್ರ ಬರೆದಿರುವ ಗೋಡೆ ಅದು. ರಸ್ತೆಯಿಂದ ನೋಡಿದವರಿಗೆ ಅಂದವಾಗಿಯೇ ಕಾಣುತ್ತದೆ.

ಒಂದರಿಂದ ಏಳರವರೆಗೆ ನಮ್ಮಲ್ಲಿ 58 ಮಕ್ಕಳಿದ್ದಾರೆ. ಮುಖ್ಯ ಶಿಕ್ಷಕರನ್ನೂ ಸೇರಿಸಿ ಕಾಯಂ ಶಿಕ್ಷಕರು ಮೂವರು, ಅವರಲ್ಲೊಬ್ಬರು ನಿಯೋಜನೆಯ ಮೇಲೆ ಬೇರೆ ಕಡೆ ಇದ್ದಾರೆ. ಒಬ್ಬ ಅತಿಥಿ ಶಿಕ್ಷಕಿ ಇದ್ದಾರೆ. ಕೈಯಲ್ಲಿರುವ ಹಣವೆಂದರೆ ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಶಾಲಾ ಅನುದಾನ, 25,000 ರೂಪಾಯಿ. ಸಮಿತಿಯ ಸಭೆಯಲ್ಲಿ ಈ ಮೂರನ್ನೂ ಮೂರು ಬೇರೆ ವಿಷಯಗಳಾಗಿ ಚರ್ಚಿಸಿದೆವು. ಕೊಠಡಿಗೆ ಹಣವಿಲ್ಲವೆಂದು ಮುಂದೂಡಿದೆವು. ಶಿಕ್ಷಕರ ವಿಷಯ ನಮ್ಮ ಕೈಯಲ್ಲಿಲ್ಲವೆಂದು ಬಿಟ್ಟೆವು. ಹಣದ ಬಗ್ಗೆ ಮಾತನಾಡಿ ಮಾತನಾಡಿ ಕಡೆಗೆ ಸುಣ್ಣಬಣ್ಣಕ್ಕೆ ತೀರ್ಮಾನಿಸಿ ಎದ್ದೆವು. ಮನೆಗೆ ಬಂದ ಮೇಲೆ ನನಗೆ ನಿದ್ದೆ ಬರಲಿಲ್ಲ. ಈ ಮೂರೂ ಒಂದೇ ಗಂಟು ಎಂದು ನನಗೆ ಅನ್ನಿಸುತ್ತಿದೆ. ಕೊಠಡಿ ಹೆದರಿಸಿದರೆ ಪೋಷಕರು ವರ್ಗಾವಣೆ ಪತ್ರ ಕೇಳುತ್ತಾರೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರ ಹುದ್ದೆ ಹೆಚ್ಚುವರಿ ಎಂದು ಎದ್ದುಹೋಗುತ್ತದೆ. ಮಕ್ಕಳ ಸಂಖ್ಯೆಯ ಮೇಲೆಯೇ ಅನುದಾನವೂ ನಿಂತಿದೆ. ಹೀಗಿರುವಾಗ ಗಂಟನ್ನು ಯಾವ ಎಳೆಯಿಂದ ಬಿಡಿಸಲು ಶುರು ಮಾಡಬೇಕು?

ನಿವೃತ್ತ ಮುಖ್ಯ ಶಿಕ್ಷಕ, ಕಡೂರು

ತಾಯಿ, ಮೊದಲು ಆ ಕೊಠಡಿಗೆ ಬೀಗ ಹಾಕಿಸಿ. ಹಣ ಬಂದ ಮೇಲೆ, ಇಂಜಿನಿಯರ್ ಬಂದ ಮೇಲೆ ಎಂದು ಕಾಯಬೇಡಿ. ಮಕ್ಕಳನ್ನು ಒಂದು ಕೊಠಡಿಯಲ್ಲಿ ಕೂರಿಸದಿರಲು ಯಾರ ಮಂಜೂರಾತಿಯೂ ಬೇಕಿಲ್ಲ.

ಎರಡನೆಯದಾಗಿ, ಸಭೆ ಕರೆದು ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆಗಳಲ್ಲಿ ಕಳೆದವನು ನಾನು. ಬಾಯಿ ಮಾತಿನಲ್ಲಿ ಹೇಳಿದ್ದು ಕಚೇರಿಯ ಮೆಟ್ಟಿಲು ಇಳಿಯುವ ಹೊತ್ತಿಗೆ ಮರೆತುಹೋಗಿರುತ್ತದೆ. ಠರಾವಿನಲ್ಲಿ ‘ಕಟ್ಟಡ ಶಿಥಿಲವಾಗಿದೆ, ಸೂಕ್ತ ಕ್ರಮ ಕೈಗೊಳ್ಳಲು ಕೋರಿದೆ’ ಎಂದು ಒಂದು ಸಾಲು ಬರೆದು ಸಹಿ ಹಾಕುವುದು ನಮ್ಮಲ್ಲಿ ರೂಢಿ. ಅದರಿಂದ ಏನೂ ಆಗುವುದಿಲ್ಲ. ಯಾವ ಕೊಠಡಿ, ಯಾವ ದಿಕ್ಕಿನ ಗೋಡೆ, ಬಿರುಕಿನ ಉದ್ದವೆಷ್ಟು, ಯಾವ ದಿನ ಕಂಡುಬಂತು, ಯಾವ ತರಗತಿಯ ಎಷ್ಟು ಮಕ್ಕಳು ಅಲ್ಲಿ ಕೂರುತ್ತಿದ್ದರು, ಇಂದಿನಿಂದ ಅವರನ್ನು ಎಲ್ಲಿ ಕೂರಿಸಲಾಗಿದೆ, ಇಷ್ಟೂ ಬರಬೇಕು. ಅದರ ನಕಲನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ, ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೂ, ಗ್ರಾಮ ಪಂಚಾಯಿತಿಗೂ ಕೊಟ್ಟು ಮೂರು ಕಡೆಯೂ ಸ್ವೀಕೃತಿ ಪಡೆಯಿರಿ. ಕೊಠಡಿ ವಾಸಯೋಗ್ಯವಲ್ಲವೆಂದು ತಾಂತ್ರಿಕ ವರದಿ ಕೊಡಬೇಕಾದವರು ಇಂಜಿನಿಯರುಗಳು. ಆ ವರದಿ ಇಲ್ಲದೆ ಕೆಡವುವುದಕ್ಕೂ ಆಗುವುದಿಲ್ಲ, ಹೊಸದನ್ನು ಕೇಳುವುದಕ್ಕೂ ಆಗುವುದಿಲ್ಲ. ಇನ್ನೊಂದು ಮಾತು: ಹಳೆಯ ಮರ, ಹೆಂಚು ಸರ್ಕಾರದ ಸ್ವತ್ತು. ಕ್ರಮಬದ್ಧವಾಗಿ ಹರಾಜಾಗದೆ ಒಂದು ರೀಪೂ ಯಾರ ಕೊಟ್ಟಿಗೆಗೂ ಹೋಗದಂತೆ ನೋಡಿಕೊಳ್ಳಿ. ಈ ಒಂದು ಕಾರಣಕ್ಕೆ ಒಳ್ಳೆಯ ಸಮಿತಿಗಳು ಒಡೆದು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಸಿವಿಲ್ ಇಂಜಿನಿಯರ್, ಹಾಸನ

ದೂರದಿಂದ ತೀರ್ಪು ಕೊಡುವುದು ಸರಿಯಲ್ಲ, ಆದರೆ ನೀವು ಬರೆದ ಎರಡು ಲಕ್ಷಣಗಳು ಒಟ್ಟಿಗೆ ಇರುವುದು ನನಗೆ ಆತಂಕ ತಂದಿದೆ. ಹೆಂಚಿನ ಮಾಡಿನಲ್ಲಿ ಎರಡು ಕಡೆಯ ಪಕಾಸುಗಳೂ (ಹೆಂಚನ್ನು ಹೊರುವ ಓರೆ ಮರಗಳು) ಗೋಡೆಯನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತವೆ. ಆ ತಳ್ಳಾಟವನ್ನು ಹಿಡಿದಿಡುವುದು ಅಡ್ಡ ತೊಲೆ. ತೊಲೆಯ ತುದಿಯೇ ಗೆದ್ದಲಿಗೆ ತುತ್ತಾದರೆ ಹಿಡಿತ ತಪ್ಪುತ್ತದೆ, ಭಾರವೆಲ್ಲ ಗೋಡೆಯ ಮೇಲೆ ಬೀಳುತ್ತದೆ. ಗೋಡೆಯೋ ಮಣ್ಣಿನದು, ಸೂರಿನಿಂದ ಸುರಿದ ನೀರು ಬುಡದಲ್ಲಿ ನಿಂತು ನೆನೆದಾಗ ಅದರ ಶಕ್ತಿ ಅರ್ಧಕ್ಕರ್ಧ ಕುಂದಿದಂತೆಯೇ. ಕಿಟಕಿಯ ಮೂಲೆಯಿಂದ ಓರೆಯಾಗಿ ಏಳುವ ಬಿರುಕು ಬಹಳ ಸಲ ಅಡಿಪಾಯ ಒಂದು ಕಡೆ ಕುಸಿದಿರುವುದನ್ನು ಸೂಚಿಸುತ್ತದೆ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕುಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ ತಿಳಿಯಲು ನಾವು ಅನುಸರಿಸುವ ಸುಲಭದ ಕ್ರಮವೊಂದಿದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿ ಗಟ್ಟಿಯಾಗಿ ಕೂರುವಂತೆ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯುತ್ತೇವೆ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಗಾಜು ಬೇಡವೆಂದರೆ ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಲ್ಲಿ ಒಂದೊಂದು ಚುಕ್ಕೆ ಇಟ್ಟು ವಾರಕ್ಕೊಮ್ಮೆ ಅವುಗಳ ನಡುವಿನ ಅಂತರ ಅಳೆಯಿರಿ. ಈ ಕೆಲಸವನ್ನು ದೊಡ್ಡವರೇ, ಹೊರಗಡೆಯಿಂದ, ಮಳೆ ಇಲ್ಲದ ಹೊತ್ತಿನಲ್ಲಿ ಮಾಡಬೇಕು. ಇಂಜಿನಿಯರ್ ಬಂದಾಗ ದಿನಾಂಕ ಸಹಿತ ಅಳತೆಯನ್ನು ಮುಂದಿಟ್ಟರೆ ಅವರ ವರದಿಗೂ ತೂಕ ಬರುತ್ತದೆ.

ಹಣವಿಲ್ಲದೆಯೂ ಆಗುವ ಕೆಲಸವಿದೆ. ಗೋಡೆಯ ಹೊರಬದಿಗೆ ಮಣ್ಣು, ಕಲ್ಲು, ಸೌದೆ ಒಟ್ಟಿದ್ದರೆ ತೆಗೆಸಿ. ಸೂರಿನ ನೀರು ಬೀಳುವ ಗೆರೆಯಲ್ಲಿ ಇಳಿಜಾರಾಗಿ ಚರಂಡಿ ತೋಡಿಸಿ. ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಬಳಿಯುವುದನ್ನು ಮಾತ್ರ ಖಂಡಿತ ಮಾಡಬೇಡಿ, ರೋಗದ ಗುರುತನ್ನು ಅಳಿಸಿದಂತಾಗುತ್ತದೆ. ಪಕ್ಕದ ಆರ್‌ಸಿಸಿ ಕೊಠಡಿಗಳನ್ನೂ ಸುರಕ್ಷಿತವೆಂದು ಹಾಗೇ ಬಿಡಬೇಡಿ. ಚಾವಣಿಯ ಅಡಿಯಲ್ಲಿ ತುಕ್ಕಿನ ಕಂದು ಕಲೆ, ಉಬ್ಬಿದ ಗಾರೆ, ಕೋಲಿನಿಂದ ತಟ್ಟಿದರೆ ಪೊಳ್ಳು ಸದ್ದು, ಇವು ಕಂಡರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟನ್ನು ತಳ್ಳುತ್ತಿದೆ ಎಂದರ್ಥ. ಕಿಟಕಿಯ ಮೇಲಿನ ಸಜ್ಜಾವನ್ನು ತಪ್ಪದೆ ನೋಡಿ. ಮಕ್ಕಳು ಮಳೆಗೆ ನಿಲ್ಲುವುದು ಅದರ ಕೆಳಗೆಯೇ.

ಕಾಫಿ ಬೆಳೆಗಾರ ಮತ್ತು ಪೋಷಕ, ಮೂಡಿಗೆರೆ ತಾಲ್ಲೂಕು

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ, ಆದರೂ ನನ್ನ ಭಿನ್ನಾಭಿಪ್ರಾಯವನ್ನು ಹೇಳಲೇಬೇಕು. ಕೊಠಡಿಗೆ ಬೀಗ ಹಾಕಿ ಕಾಗದ ಕಳಿಸಿದ ಕೂಡಲೇ ಊರಲ್ಲಿ ಸುದ್ದಿ ಹರಡುತ್ತದೆ. ಇಂಗ್ಲಿಷ್ ಮಾಧ್ಯಮದ ಶಾಲೆಗಳ ವ್ಯಾನುಗಳು ಈಗಾಗಲೇ ನಮ್ಮ ತೋಟದ ಗೇಟಿನವರೆಗೂ ಬರುತ್ತಿವೆ. ಶಾಲೆ ಬಿದ್ದುಹೋಗುತ್ತಿದೆಯಂತೆ ಎಂಬ ಒಂದು ಮಾತು ಸಾಕು, ಮುಂದಿನ ಜೂನ್ ಹೊತ್ತಿಗೆ ಹತ್ತು ಮಕ್ಕಳು ಹೋಗುತ್ತಾರೆ. ಆಮೇಲೆ ನಿಮ್ಮ ಶಾಲೆಯನ್ನು ಪಕ್ಕದ ಶಾಲೆಯೊಂದಿಗೆ ಸೇರಿಸುವ ಮಾತು ಬರುತ್ತದೆ. ಕಟ್ಟಡ ಉಳಿಸಲು ಹೋಗಿ ಶಾಲೆಯನ್ನೇ ಕಳೆದುಕೊಳ್ಳಬಾರದಲ್ಲವೇ?

ನಮ್ಮ ಕಡೆ ಹಿಂದೆ ಶಾಲೆ ಕಟ್ಟಿದ್ದೇ ಊರವರು. ಒಬ್ಬರು ಜಾಗ ಕೊಟ್ಟರು, ಒಬ್ಬರು ಮರ ಕೊಟ್ಟರು, ಆಳುಗಳ ಲೆಕ್ಕ ಹಿಡಿಯದೆ ಗೋಡೆ ಎದ್ದಿತು. ಈಗಲೂ ನಾಲ್ಕು ಮನೆಯವರು ಸೇರಿದರೆ ಹೆಂಚು ಇಳಿಸಿ, ತೊಲೆ ಬದಲಿಸಿ, ಮೇಲೆ ತಗಡಿನ ಶೀಟು ಹೊದಿಸುವುದು ಹದಿನೈದು ದಿನದ ಕೆಲಸ. ಸರ್ಕಾರದ ದಾರಿ ಕಾದರೆ ಮೂರು ಮಳೆಗಾಲ ಕಳೆದುಹೋಗುತ್ತದೆ.

ಸಿವಿಲ್ ಇಂಜಿನಿಯರ್, ಹಾಸನ

ಊರವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬುಡ ಕುಸಿದ ಗೋಡೆಯ ಮೇಲೆ ಹೊಸ ಮಾಡು ಹಾಕುವುದು ಅಪಾಯವನ್ನು ಮುಚ್ಚಿಟ್ಟಂತೆ. ಶೀಟು ಹಗುರವೆಂಬುದು ನಿಜ, ಆದರೆ ಮಲೆನಾಡಿನ ಮಳೆಗಾಳಿ ಅದನ್ನು ಕೆಳಗಿನಿಂದ ಎತ್ತುತ್ತದೆ. ಹಳೆಯ ಮಣ್ಣಿನ ಗೋಡೆ ಅದನ್ನು ಬಿಗಿಯಾಗಿ ಹಿಡಿದಿಡಲಾರದು. ತಾಂತ್ರಿಕ ವರದಿ ಬರಲಿ. ದುರಸ್ತಿಯೇ ಸಾಕೆಂದು ವರದಿ ಹೇಳಿದರೆ ನಿಮ್ಮ ಹದಿನೈದು ದಿನದ ಕೆಲಸಕ್ಕೆ ನಾನೂ ಬಂದು ನಿಲ್ಲುತ್ತೇನೆ.

ನಿವೃತ್ತ ಮುಖ್ಯ ಶಿಕ್ಷಕ, ಕಡೂರು

ಬೆಳೆಗಾರ ಮಿತ್ರರ ಭಯ ಸುಳ್ಳಲ್ಲ, ನಾನೂ ಅದೇ ಭಯದಲ್ಲಿ ಒಮ್ಮೆ ಸುಮ್ಮನಿದ್ದವನು. ಆದರೆ ಈಚಿನ ಒಂದು ಘಟನೆಯನ್ನು ನೆನಪಿಸುತ್ತೇನೆ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ್ ಜಿಲ್ಲೆಯ ಪಿಪ್ಲೋದಿ ಗ್ರಾಮದಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಬೆಳಗಿನ ಹೊತ್ತು ಕುಸಿದು ಏಳು ಮಕ್ಕಳು ಸತ್ತರು. ಅದರ ನಂತರ ಕೇಂದ್ರ ಶಿಕ್ಷಣ ಸಚಿವಾಲಯವು ಎಲ್ಲ ರಾಜ್ಯಗಳಿಗೂ ಶಾಲೆಗಳ ಸುರಕ್ಷತಾ ತಪಾಸಣೆ ನಡೆಸುವಂತೆ ಸೂಚಿಸಿತು. ಅದಕ್ಕೂ ಹಿಂದೆ, 2004ರ ಜುಲೈನಲ್ಲಿ ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಕ್ಕಳು ಬಲಿಯಾದರು. ಆ ದುರಂತದ ಹಿನ್ನೆಲೆಯ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ಕೊಡುತ್ತಾ, ಶಿಕ್ಷಣದ ಹಕ್ಕು ಎಂದರೆ ಸುರಕ್ಷಿತ ಶಾಲೆಯಲ್ಲಿ ಕಲಿಯುವ ಹಕ್ಕೂ ಹೌದು ಎಂದು ಸ್ಪಷ್ಟಪಡಿಸಿತು. ಅಡುಗೆ ಅನಿಲದ ಸಿಲಿಂಡರ್ ಇರುವ ನಿಮ್ಮ ಬಿಸಿಯೂಟದ ಕೋಣೆಯಲ್ಲಿ ಬೆಂಕಿ ನಂದಿಸುವ ಸಾಧನ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂಬುದನ್ನೂ ಈ ನೆಪದಲ್ಲಿ ನೋಡಿಬಿಡಿ.

ಪೋಷಕರಿಗೆ ತಿಳಿಸುವ ವಿಷಯ. ಸುದ್ದಿ ಹರಡುತ್ತದೆ ಎಂದು ಮುಚ್ಚಿಟ್ಟರೆ ಅದು ಇನ್ನೂ ಕೆಟ್ಟದಾಗಿ ಹರಡುತ್ತದೆ. ಪೋಷಕರನ್ನೇ ಕರೆದು ಬಿರುಕನ್ನು ತೋರಿಸಿ, ಮಕ್ಕಳನ್ನು ಎಲ್ಲಿಗೆ ಸ್ಥಳಾಂತರಿಸಿದ್ದೀರಿ ಎಂಬುದನ್ನೂ ತೋರಿಸಿದರೆ, ಈ ಸಮಿತಿ ಮಕ್ಕಳನ್ನು ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಹುಟ್ಟುತ್ತದೆ. ವ್ಯಾನು ಹತ್ತಿಸುವವರು ಆಗಲೂ ಹತ್ತಿಸಿಯಾರು. ಆದರೆ ನಿಮ್ಮ ಮೇಲೆ ಯಾರೂ ಬೆರಳು ತೋರಿಸಲಾರರು.

ಅತಿಥಿ ಶಿಕ್ಷಕಿ, ಚಿಕ್ಕಮಗಳೂರು ಜಿಲ್ಲೆ

ಕೊಠಡಿಗೆ ಬೀಗ ಹಾಕಿದ ಮರುದಿನ ತರಗತಿಯೊಳಗೆ ಏನಾಗುತ್ತದೆ ಎಂಬುದನ್ನು ನಾನು ಹೇಳಬಲ್ಲೆ, ಏಕೆಂದರೆ ನಮ್ಮಲ್ಲಿ ಹಾಗೆಯೇ ಆಯಿತು. ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ (ಮೂರೂ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಾರ್ಡು, ಹಾಡುಗಳ ಮೂಲಕ ಕಲಿಸುವ ಕ್ರಮ) ಇರುವುದರಿಂದ ಅವರೆಲ್ಲ ಮೊದಲೇ ಒಂದು ಕೋಣೆಯಲ್ಲಿರುತ್ತಾರೆ. ಅದೇ ಕೋಣೆಯ ಹಿಂಭಾಗಕ್ಕೆ ನಾಲ್ಕು, ಐದನೆಯ ತರಗತಿಯವರನ್ನೂ ತಂದು ಕೂರಿಸಿದೆವು. ಮುಂದೆ ಪುಟ್ಟ ಮಕ್ಕಳು ಕಾರ್ಡು ಹಿಡಿದು ಹಾಡು ಹೇಳುತ್ತಿದ್ದರೆ ಹಿಂದೆ ಭಾಗಾಕಾರ ನಡೆಯುತ್ತಿತ್ತು. ಹೆಂಚಿನ ಮೇಲೆ ಮಳೆ ಜೋರಾದಾಗ ಎರಡೂ ಕೇಳಿಸುತ್ತಿರಲಿಲ್ಲ. ಕೈಸನ್ನೆ ಮಾಡಿ ಪುಸ್ತಕ ತೆಗೆಸುತ್ತಿದ್ದೆ. ಆದರೂ ಬೀಗ ಹಾಕಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಸಮಿತಿಯವರು ಒಂದು ವಿಷಯವನ್ನು ಗಮನಿಸಬೇಕು. ಕೋಣೆ ಕಡಿಮೆಯಾದಾಗ ಶಿಕ್ಷಕರ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಮಕ್ಕಳೂ ಒಂದೆಡೆ ಕುಳಿತಿರುವಾಗ ಒಬ್ಬರೇ ಸಾಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹುದ್ದೆ ಖಾಲಿ ಉಳಿಯುವುದಕ್ಕೆ ಕಾರಣಗಳೂ ಹಲವು. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ‘ಸಿ’ ವಲಯದ, ಎಂದರೆ ಪಟ್ಟಣದಿಂದ ದೂರದ ಹಳ್ಳಿಯ, ಶಾಲೆಯನ್ನು ತಾವಾಗಿ ಆರಿಸಿಕೊಳ್ಳುವವರು ಕಡಿಮೆ. ಬಸ್ಸಿಲ್ಲ, ಬಾಡಿಗೆಗೆ ಮನೆಯಿಲ್ಲ, ಸಕಲೇಶಪುರ, ಆಲೂರಿನ ಕಡೆ ಕೆಲವೆಡೆ ಆನೆಯ ಭಯದಿಂದ ಸಂಜೆ ಹೊರಡುವುದೂ ಕಷ್ಟ. ಇದ್ದವರ ಕೈಗೆ ಮತಗಟ್ಟೆ ಅಧಿಕಾರಿಯ ಕೆಲಸ ಬರುತ್ತದೆ. 2025ರ ದಸರಾ ರಜೆಯನ್ನು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ವಿಸ್ತರಿಸಿದ್ದು ಎಲ್ಲರಿಗೂ ನೆನಪಿರಬಹುದು. ನನ್ನಂಥವರ ಗೌರವಧನ 10,000 ರೂಪಾಯಿ ಇದ್ದದ್ದು 2025ರ ಬಜೆಟ್ಟಿನಲ್ಲಿ 2,000 ಹೆಚ್ಚಿತು, ಅದಕ್ಕಾಗಿ ಕೃತಜ್ಞಳಾಗಿದ್ದೇನೆ. ಆದರೆ ಅದು ಕೈಗೆ ಬರುವುದು ತಿಂಗಳುಗಳು ಕಳೆದ ಮೇಲೆ. ಬಸ್ ಚಾರ್ಜಿಗೆ ಅಪ್ಪನ ಬಳಿ ಕೈಯೊಡ್ಡಿ ಶಾಲೆಗೆ ಹೋದ ದಿನಗಳಿವೆ.

ಇನ್ನೊಂದು ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಫಿ ಕುಯ್ಲಿಗೆ ನವೆಂಬರ್ ಹೊತ್ತಿಗೆ ಹೊರಗಿನಿಂದ ಕೂಲಿಯವರು ಬರುತ್ತಾರೆ, ಉತ್ತರ ಕರ್ನಾಟಕದವರು, ಅಸ್ಸಾಮಿನವರು. ಅವರ ಮಕ್ಕಳು ನಡು ವರ್ಷದಲ್ಲಿ ತರಗತಿಗೆ ಸೇರುತ್ತಾರೆ. ದಾಖಲಾತಿಯ ಲೆಕ್ಕ ತೆಗೆಯುವ ದಿನ ಅವರು ಹಾಜರಿಯಲ್ಲಿರಲಿಲ್ಲವಾದರೆ ಅವರಿಗಾಗಿ ಬೆಂಚೂ ಇಲ್ಲ, ಶಿಕ್ಷಕರೂ ಇಲ್ಲ.

ಪೋಷಕ, ಅರಕಲಗೂಡು

ನನ್ನ ಮಗಳಿಗೆ ನಡೆಯುವುದು ಕಷ್ಟ, ಗಾಲಿಕುರ್ಚಿ ಬಳಸುತ್ತಾಳೆ. ಕೊಠಡಿ ಬದಲಿಸುವಾಗ ಇಳಿಜಾರು ದಾರಿ ಇರುವ ಕೋಣೆಯನ್ನೇ ಅಂಥ ಮಕ್ಕಳ ತರಗತಿಗೆ ಕೊಡಿ ಎಂದಷ್ಟೇ ನನ್ನ ವಿನಂತಿ. ನಮ್ಮಲ್ಲಿ ಆ ಯೋಚನೆ ಯಾರಿಗೂ ಬರಲಿಲ್ಲ, ಎರಡು ತಿಂಗಳು ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ.

ನಿವೃತ್ತ ಮುಖ್ಯ ಶಿಕ್ಷಕ, ಕಡೂರು

ಈ ಮಾತನ್ನು ಠರಾವಿನಲ್ಲೇ ಸೇರಿಸಿ. ಅಡೆತಡೆಯಿಲ್ಲದ ಪ್ರವೇಶ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿಯೇ ಇದೆ.

ಶಿಕ್ಷಕರ ವಿಷಯದಲ್ಲಿಯೂ ಆ 2009ರ ಕಾಯ್ದೆಯನ್ನು ಕೈಯಲ್ಲಿ ಹಿಡಿದೇ ಮಾತನಾಡಬೇಕು. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು ಶಿಕ್ಷಕರಿರಬೇಕು. ಆರರಿಂದ ಎಂಟರವರೆಗೆ ತರಗತಿಗೊಬ್ಬರಂತೆ, ವಿಜ್ಞಾನ-ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ಒಬ್ಬೊಬ್ಬರು ಸಿಗುವಂತೆ ನೇಮಿಸಬೇಕು. 26ನೆಯ ಪ್ರಕರಣದ ಪ್ರಕಾರ ಖಾಲಿ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇ 10ನ್ನು ಮೀರಬಾರದು. 27ನೆಯ ಪ್ರಕರಣವು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. ನಿಮ್ಮಲ್ಲಿ ನಿಯೋಜನೆಯ ಮೇಲೆ ಹೋದವರ ವೇತನ ನಿಮ್ಮ ಶಾಲೆಯ ಹುದ್ದೆಯ ಮೇಲೆಯೇ ಆಗುತ್ತಿದ್ದರೆ, ದಾಖಲೆಯಲ್ಲಿ ನಿಮಗೆ ಕೊರತೆಯೇ ಇಲ್ಲ. ಅವರ ನಿಯೋಜನೆ ರದ್ದುಪಡಿಸಿ ಎಂದು ಕೇಳುವುದು ಹೊಸ ಹುದ್ದೆ ಕೇಳುವುದಕ್ಕಿಂತ ಬೇಗ ಫಲ ಕೊಟ್ಟೀತು.

ಎಸ್‌ಡಿಎಂಸಿ ಸದಸ್ಯೆ, ಹಾಸನ ಜಿಲ್ಲೆಯ ಮಲೆನಾಡು ಭಾಗ

ಎಲ್ಲರಿಗೂ ತುಂಬು ಹೃದಯದ ವಂದನೆಗಳು. ಮೂರು ದಿನದಲ್ಲಿ ಆದದ್ದನ್ನು ಹೇಳುತ್ತೇನೆ. ಸೋಮವಾರ ಕೊಠಡಿಗೆ ಬೀಗ ಬಿತ್ತು. ಮಕ್ಕಳು ತಾವೇ ಬೆಂಚು ಹೊತ್ತು ತರಲು ಓಡಿ ಬಂದರು, ನಾವು ಬಿಡಲಿಲ್ಲ; ಸಮಿತಿಯ ನಾಲ್ವರು ಗಂಡಸರು, ಮೂವರು ಹೆಂಗಸರು ಸೇರಿ ಸಾಗಿಸಿದೆವು. ಮುಖ್ಯ ಶಿಕ್ಷಕರು ಮೊದಲು ಹಿಂಜರಿದರು. ಬೀಗ ಹಾಕಿದರೆ ಮೇಲಿನವರು ತಮ್ಮನ್ನೇ ಕೇಳುತ್ತಾರೆಂಬ ಆತಂಕ ಅವರದು. ಠರಾವು ಸಮಿತಿಯದು, ಸಹಿ ನಮ್ಮೆಲ್ಲರದು ಎಂದ ಮೇಲೆ ಅವರ ಮುಖ ತಿಳಿಯಾಯಿತು. ಒಬ್ಬ ಮುಖ್ಯ ಶಿಕ್ಷಕರನ್ನು ಇಷ್ಟು ದಿನ ಒಂಟಿಯಾಗಿ ಬಿಟ್ಟಿದ್ದೆವಲ್ಲ ಎಂದು ನನಗೆ ಬೇಸರವಾಯಿತು.

ಹಣದ ಲೆಕ್ಕವನ್ನೂ ಕೂತು ಬಿಡಿಸಿದೆವು. 31ರಿಂದ 100 ಮಕ್ಕಳಿರುವ ಶಾಲೆಗೆ 25,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಎಂದರೆ 2,500 ಹೋಯಿತು. 2023ರ ನವೆಂಬರ್‌ನಿಂದ ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತವಾದದ್ದರಿಂದ ಕರೆಂಟ್ ಬಿಲ್ಲಿನ ಭಾರ ಇಳಿದಿದೆ. ಉಳಿದದ್ದರಲ್ಲಿ ಸೀಮೆಸುಣ್ಣ, ಹಾಜರಿ ಪುಸ್ತಕ, ಕಲಿಕಾ ಸಾಮಗ್ರಿ, ಒಡೆದ ನಲ್ಲಿ. ಎಷ್ಟು ಎಳೆದರೂ ಈ ಹಣ ಮಾಡಿನವರೆಗೆ ಹೋಗದು. ಸುಣ್ಣಬಣ್ಣದ ತೀರ್ಮಾನವನ್ನು ರದ್ದು ಮಾಡಿದ್ದೇವೆ. ಆ ಮೊತ್ತ ಚರಂಡಿಗೂ ಬೆಂಕಿ ನಂದಿಸುವ ಸಾಧನಕ್ಕೂ ಹೋಗಲಿದೆ.

ನಮಗೆ ಅರ್ಥವಾದ ಇನ್ನೊಂದು ಸಂಗತಿಯೆಂದರೆ, ಮಳೆಗೂ ಹಣಕ್ಕೂ ಕಾಲ ಕೂಡುವುದಿಲ್ಲ. ಹೆಂಚು ಕೈಯಾಡಿಸುವುದು, ತೊಲೆ ಬದಲಿಸುವುದು ಏನಿದ್ದರೂ ಏಪ್ರಿಲ್, ಮೇ ತಿಂಗಳಲ್ಲಿ ಆಗಬೇಕು. ಅನುದಾನ ಬರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಮಳೆ ಬಿಟ್ಟು ಗಾರೆಯವರು ಸಿಗುವ ಹೊತ್ತಿಗೆ ಅವರೆಲ್ಲ ಕಾಫಿ ಕುಯ್ಲಿಗೆ ಹೋಗಿರುತ್ತಾರೆ. ಕುಯ್ಲು ಮುಗಿಯುವಷ್ಟರಲ್ಲಿ ಮಾರ್ಚ್ 31 ಬಂದು ನಿಲ್ಲುತ್ತದೆ. ಆದ್ದರಿಂದ ಮುಂದಿನ ಬೇಸಿಗೆಯ ಕೆಲಸಕ್ಕೆ ಈಗಲೇ ಅಂದಾಜು ಪಟ್ಟಿ ಮಾಡಿಸಬೇಕಾಗಿದೆ.

ನಿವೃತ್ತ ಮುಖ್ಯ ಶಿಕ್ಷಕ, ಕಡೂರು

ಬಹಳ ಸಂತೋಷ. ಈಗ ಶಾಲಾಭಿವೃದ್ಧಿ ಯೋಜನೆಯನ್ನು ಕೈಗೆತ್ತಿಕೊಳ್ಳಿ. ನಮ್ಮ ರಾಜ್ಯದಲ್ಲಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲೇ ಎಸ್‌ಡಿಎಂಸಿಗಳು ಹುಟ್ಟಿದವು. ಕೇಂದ್ರದ ಕಾಯ್ದೆ ಬಂದದ್ದು ಆಮೇಲೆ. ಆ ಕಾಯ್ದೆಯ 21ನೆಯ ಪ್ರಕರಣ ಸಮಿತಿಯ ನಾಲ್ಕನೆಯ ಮೂರು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. 22ನೆಯ ಪ್ರಕರಣವನ್ನು ಹೆಚ್ಚಿನವರು ಓದಿಯೇ ಇಲ್ಲ. ಸಮಿತಿ ತಯಾರಿಸುವ ಯೋಜನೆಯೇ ಸರ್ಕಾರದ ಅಥವಾ ಸ್ಥಳೀಯ ಪ್ರಾಧಿಕಾರದ ಯೋಜನೆಗೂ ಅನುದಾನಕ್ಕೂ ಆಧಾರವಾಗಬೇಕು ಎಂದು ಅಲ್ಲಿ ಬರೆದಿದೆ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಅದು ಮೂರು ವರ್ಷದ ಯೋಜನೆ. ತರಗತಿವಾರು ದಾಖಲಾತಿಯ ಅಂದಾಜು, ಬೇಕಾದ ಹೆಚ್ಚುವರಿ ಶಿಕ್ಷಕರು, ಬೇಕಾದ ಕಟ್ಟಡ ಮತ್ತು ಸೌಕರ್ಯ, ಅದಕ್ಕೆ ತಗಲುವ ಹಣ, ಎಲ್ಲವೂ ಒಂದೇ ಕಡತದಲ್ಲಿರಬೇಕು. ನಿಮ್ಮ ಮೂರು ಎಳೆಯ ಗಂಟನ್ನು ಕಾನೂನೂ ಒಂದೇ ಗಂಟೆಂದೇ ಕಂಡಿದೆ. ಹಣಕಾಸು ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ, ಎಂದರೆ ಡಿಸೆಂಬರ್ ಒಳಗೆ, ಅದು ಸಿದ್ಧವಾಗಿರಲಿ. ಕುಯ್ಲಿಗೆ ಬರುವವರ ಮಕ್ಕಳ ವಿಷಯವನ್ನು ಶಿಕ್ಷಕಿ ಹೇಳಿದರಲ್ಲ, ಅವರ ಲೆಕ್ಕವನ್ನೂ ಹಾಜರಿ ಪುಸ್ತಕದ ಆಧಾರದಿಂದ ಸೇರಿಸಿ.

ಜೊತೆಗೆ ಶಾಲೆಯ ಜಾಗದ ಪಹಣಿಯನ್ನು ಇಂದೇ ತೆಗೆಸಿ ನೋಡಿ. ದಾನ ಕೊಟ್ಟವರು ಬಾಯಿ ಮಾತಿನಲ್ಲಿ ಕೊಟ್ಟು ತೀರಿಕೊಂಡಿದ್ದಾರೆ, ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ ಎಂಬ ಶಾಲೆಗಳು ಮಲೆನಾಡಿನಲ್ಲಿ ಒಂದೆರಡಲ್ಲ. ಜಾಗ ಇಲಾಖೆಯ ಹೆಸರಿನಲ್ಲಿ ಇಲ್ಲದಿದ್ದರೆ ಮಂಜೂರಾದ ಕೊಠಡಿಯೂ ಬೇರೆ ಊರಿಗೆ ಹೋಗುತ್ತದೆ.

ಕಾಫಿ ಬೆಳೆಗಾರ ಮತ್ತು ಪೋಷಕ, ಮೂಡಿಗೆರೆ ತಾಲ್ಲೂಕು

ಜಾಗದ ಮಾತು ಓದಿ ನಮ್ಮ ಶಾಲೆಯ ಪಹಣಿ ತೆಗೆಸಿದೆ. ಅದು ನನ್ನ ಅಜ್ಜನ ಹೆಸರಿನಲ್ಲಿಯೇ ಇದೆ. ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದೇವೆ, ಈ ತಿಂಗಳೇ ದಾನಪತ್ರ ನೋಂದಾಯಿಸಿಕೊಡುತ್ತೇವೆ. ಬೀಗ ಹಾಕಬಾರದೆಂದು ನಾನು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ; ಏಳು ಮಕ್ಕಳ ವಿಷಯ ಓದಿದ ಮೇಲೆ ಆ ಮಾತಿಗೆ ಅಂಟಿಕೊಳ್ಳಲು ಮನಸ್ಸಾಗಲಿಲ್ಲ. ಆದರೆ ಊರವರಿಂದ ಹಣ ಎತ್ತಬಾರದೆಂದು ಯಾರೂ ಹೇಳಲಿಲ್ಲವಲ್ಲ, ಆ ದಾರಿ ಇದೆಯೇ?

ಎಸ್‌ಡಿಎಂಸಿ ಸದಸ್ಯೆ, ಹಾಸನ ಜಿಲ್ಲೆಯ ಮಲೆನಾಡು ಭಾಗ

ದಾನಪತ್ರದ ಸುದ್ದಿ ಓದಿ ಕಣ್ಣು ತುಂಬಿತು. ಹಣದ ವಿಷಯದಲ್ಲಿ ನಮ್ಮ ಸಮಿತಿ ಹೀಗೆ ತೀರ್ಮಾನಿಸಿದೆ. ಯಾರಾದರೂ ತಾವಾಗಿ ಕೊಟ್ಟರೆ ರಸೀದಿ ಕೊಟ್ಟು ಖಾತೆಗೆ ಕಟ್ಟುವುದು. ಮಕ್ಕಳ ಪೋಷಕರಿಂದ ತಿಂಗಳಿಗಿಷ್ಟು ಎಂದು ಎತ್ತುವುದು ಬೇಡ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಹೊರಟ ಸುತ್ತೋಲೆಗೆ ವಿರೋಧ ಬಂದು ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆದರು. ಅದು ಸರಿಯಾಗಿಯೇ ಆಯಿತು. ನಮ್ಮಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳ ತಾಯಂದಿರು ದಿನಗೂಲಿಯ ಮೇಲೆ ಸಂಸಾರ ತೂಗಿಸುವವರು. ಸ್ವಇಚ್ಛೆಯೆಂದು ಹೇಳಿದರೂ, ಕೊಡದವರ ಮಗು ತರಗತಿಯಲ್ಲಿ ತಲೆ ತಗ್ಗಿಸುತ್ತದೆ.

ಇಂದು ಮಧ್ಯಾಹ್ನ ಗ್ರಾಮ ಆಡಳಿತಾಧಿಕಾರಿಗಳು ಬಂದು ಗೋಡೆ ನೋಡಿ ಮಳೆಹಾನಿಯ ವರದಿಗೆ ಫೋಟೊ ತೆಗೆದುಕೊಂಡು ಹೋದರು. ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ಪ್ರಾಥಮಿಕ ಶಾಲೆಯ ದುರಸ್ತಿಗೂ ಅವಕಾಶವಿದೆ, ಆದರೆ ಹಾನಿಯಾದ ದಿನಗಳಲ್ಲೇ ವರದಿಯಾಗಬೇಕು ಎಂದು ಅವರೇ ಹೇಳಿದರು. ನಡಾವಳಿಯಲ್ಲಿ ದಿನಾಂಕ ಸಹಿತ ಬರೆದಿದ್ದದ್ದು ಅಲ್ಲಿ ಕೆಲಸಕ್ಕೆ ಬಂತು. ಇಂಜಿನಿಯರಿಂಗ್ ಉಪವಿಭಾಗದಿಂದ ಇನ್ನೂ ಯಾರೂ ಬಂದಿಲ್ಲ. ಗುರುವಾರ ನಾವು ಐದು ಜನ ಹೋಗಿ ಕೇಳುತ್ತೇವೆ. ನಿಯೋಜನೆಯ ಮೇಲಿರುವ ಶಿಕ್ಷಕರನ್ನು ವಾಪಸು ಕಳಿಸಬೇಕೆಂಬ ಮನವಿಯೂ ಅದೇ ದಿನ ಕೊಡುವುದಿದೆ.

ಬಿರುಕಿನ ಎರಡು ಬದಿಗೆ ಮೊನ್ನೆ ಹೊರಗಿನಿಂದ ಚುಕ್ಕೆ ಇಟ್ಟಿದ್ದೇವೆ. ಮೊದಲ ದಿನದ ಅಂತರ 41 ಮಿಲಿಮೀಟರ್; ಇಂದು ಬೆಳಿಗ್ಗೆ 42. ಮಗಳು ತನ್ನ ಜಿಯಾಮೆಟ್ರಿ ಪೆಟ್ಟಿಗೆಯ ಸ್ಕೇಲು ಕೊಟ್ಟಿದ್ದಾಳೆ, ಅಳೆಯುವುದು ಮಾತ್ರ ನಾನೇ. ಇಂಜಿನಿಯರ್ ಸರ್, ಮೂರು ದಿನದಲ್ಲಿ ಒಂದು ಮಿಲಿಮೀಟರ್ ಎಂದರೆ ಹೆಚ್ಚೇ? ಅಳತೆಯಲ್ಲಿ ನನ್ನಿಂದಲೇ ಅಷ್ಟು ವ್ಯತ್ಯಾಸ ಆಗಿರಬಹುದೇ?

ಸಿವಿಲ್ ಇಂಜಿನಿಯರ್, ಹಾಸನ

ಸ್ಕೇಲಿನಲ್ಲಿ ಅಷ್ಟು ವ್ಯತ್ಯಾಸ ಬರುವುದುಂಟು, ಆದರೆ ಅದನ್ನು ನಂಬಿ ಕೂರುವುದು ಬೇಡ. ಪಕ್ಕದ ಕೋಣೆಯ ಮಾಡೂ ಅದೇ ಗೋಡೆಯ ಮೇಲೆ ಕುಳಿತಿದೆಯೇ ನೋಡಿ. ಹೌದಾದರೆ ನಾಳೆ ಬೆಳಿಗ್ಗೆಯೇ ಅದಕ್ಕೂ ಬೀಗ ಹಾಕಿಸಿ, ಜಗಲಿಗೆ ಹಗ್ಗ ಕಟ್ಟಿಸಿ. ಶನಿವಾರ ನಾನು ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಬರುತ್ತೇನೆ. ಬಸ್ಸಿನಿಂದ ಎಲ್ಲಿ ಇಳಿಯಬೇಕೆಂದು ಖಾಸಗಿಯಾಗಿ ತಿಳಿಸಿ.